ಗೇನ್ ಚಾನೆಲ್‌ನಲ್ಲಿ ಡಿಲೇ ಕಲಸಿಹೋಗುತ್ತೆ: ಟೈಮ್, ರಿಪೀಟ್, ಮಿಕ್ಸ್ ಹೇಗಿಡೋದು?

ಆರು_ತಂತಿ

ಸೆಟಪ್ ಮೊದಲು ಹೇಳಿಬಿಡ್ತೀನಿ. ಹಂಬಕರ್ ಇರೋ ಗಿಟಾರ್, ಒಂದು ಓವರ್‌ಡ್ರೈವ್ ಪೆಡಲ್, ಮೂರು ನಾಬಿನ ಅನಲಾಗ್ ಡಿಲೇ (ನುಡಿಸಿದ ಸ್ವರವನ್ನ ತಡವಾಗಿ ಮತ್ತೆ ಮತ್ತೆ ಕೇಳಿಸೋ ಪೆಡಲ್), ಎರಡು ಚಾನೆಲ್‌ನ ಟ್ಯೂಬ್ ಕಾಂಬೊ (ಸ್ಪೀಕರ್ ಜೊತೆಗೇ ಇರೋ ಆಂಪ್). ಡಿಲೇ ಗರಿಷ್ಠ 600 ಮಿಲಿಸೆಕೆಂಡ್, ಟ್ಯಾಪ್ ಟೆಂಪೊ (ಬೀಟ್ ತಟ್ಟಿ ಟೈಮ್ ಇಡೋ ಸ್ವಿಚ್) ಇಲ್ಲ. ಪೆಡಲ್‌ಗಳೆಲ್ಲ ಆಂಪಿನ ಇನ್‌ಪುಟ್‌ಗೇ ಹೋಗುತ್ತವೆ. ಜಾಸ್ತಿ ಗೇನ್ (ಸದ್ದು ಒಡೆಯೋಷ್ಟು ಸಿಗ್ನಲ್ ಏರಿಸೋದು) ಬೇಕಾದಾಗ ಆಂಪಿನ ಎರಡನೇ ಚಾನೆಲ್.

ನಾಬ್‌ಗಳನ್ನ ಗಡಿಯಾರದ ಮುಳ್ಳಿನ ಹಾಗೆ ನೋಡಿದ್ರೆ ಟೈಮ್ (ರಿಪೀಟ್‌ಗಳ ನಡುವಿನ ಅಂತರ) 1 ಗಂಟೆಗೆ, ರಿಪೀಟ್ (ಎಷ್ಟು ಸಲ) 12ಕ್ಕೆ, ಮಿಕ್ಸ್ (ಎಷ್ಟು ಜೋರು) 12ಕ್ಕೆ ಇದೆ. ಕ್ಲೀನ್ ಚಾನೆಲ್‌ನಲ್ಲಿ ಚೆನ್ನಾಗೇ ಕೇಳುತ್ತೆ. ಗೇನ್ ಚಾನೆಲ್ ಒತ್ತಿದ ತಕ್ಷಣ ಯಾವುದು ನುಡಿಸಿದ ಸ್ವರ, ಯಾವುದು ರಿಪೀಟ್ ಅಂತ ಗೊತ್ತಾಗಲ್ಲ. ಬ್ಯಾಂಡ್ ಜೊತೆ ಇನ್ನೂ ಕೆಟ್ಟದಾಗುತ್ತೆ. ಬೇಕಿರೋದು ಎರಡೇ ಸದ್ದು: 120 ಬಿಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಬೀಟ್) ಡಾಟೆಡ್ ಎಯ್ತ್ ರಿದಮ್, 72 ಬಿಪಿಎಂನಲ್ಲಿ ನಿಧಾನದ ಲೀಡ್. ಡ್ರಮ್ಮರ್ ಕ್ಲಿಕ್ (ಮೆಟ್ರೊನೋಮ್) ಇಲ್ಲದೆ ನುಡಿಸ್ತಾರೆ. ಎಲ್ಲಿಂದ ಶುರು ಮಾಡಲಿ?

ಲೂಪ್‌ರಾಯ

ನಾಬ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ, ಮೊದಲು ಪೆಡಲ್ ಜಾಗ ಬದಲಿಸಿ. ನಿಮ್ಮ ಗೇನ್ ಹುಟ್ಟುವುದು ಆಂಪಿನ ಪ್ರೀಆಂಪಿನಲ್ಲಿ (ಆಂಪಿನ ಮೊದಲ ಹಂತ), ಡಿಲೇ ಬರುವುದು ಅದಕ್ಕಿಂತ ಮೊದಲು. ಹಾಗಾಗಿ ಮೂಲ ಸ್ವರ, ರಿಪೀಟ್ ಎರಡೂ ಒಟ್ಟಿಗೆ ಡಿಸ್ಟಾರ್ಷನ್ ಒಳಗೆ ನುಗ್ಗುತ್ತಿವೆ. ಡಿಸ್ಟಾರ್ಷನ್ ಎಂದರೆ ವಿಪರೀತ ಕಂಪ್ರೆಷನ್ (ಜೋರು, ಮೆಲು ಸದ್ದುಗಳ ಅಂತರ ಕುಗ್ಗಿಸುವುದು) ಕೂಡ. 10 ಡೆಸಿಬೆಲ್ ಕೆಳಗಿದ್ದ ರಿಪೀಟ್ ಅದರೊಳಗಿಂದ ಹೊರಬರುವಾಗ ಹೆಚ್ಚುಕಡಿಮೆ ಮೂಲದಷ್ಟೇ ಜೋರಾಗಿರುತ್ತದೆ. ಇನ್ನೊಂದು ತೊಂದರೆ: ಹಳೆಯ ಸ್ವರದ ರಿಪೀಟ್ ಮತ್ತು ಹೊಸ ಸ್ವರ ಒಂದೇ ಕ್ಷಣ ಕ್ಲಿಪ್ ಆದರೆ (ಅಲೆಯ ತುದಿ ಕತ್ತರಿಸಿಹೋದರೆ) ಅವೆರಡರಲ್ಲೂ ಇಲ್ಲದ ಕಂಪನಾಂಕಗಳು ಹುಟ್ಟುತ್ತವೆ. ನಿಮಗೆ ಕೇಳುತ್ತಿರುವ ಕಲಸುಮೇಲೋಗರ ಬಹುಪಾಲು ಅದೇ.

ಆಂಪಿನ ಹಿಂಭಾಗದಲ್ಲಿ ಸೆಂಡ್, ರಿಟರ್ನ್ ಜ್ಯಾಕ್‌ಗಳಿದ್ದರೆ (ಇದನ್ನೇ ಲೂಪ್ ಎನ್ನುವುದು) ಸೆಂಡ್‌ನಿಂದ ಡಿಲೇ ಇನ್‌ಪುಟ್‌ಗೆ, ಡಿಲೇ ಔಟ್‌ಪುಟ್‌ನಿಂದ ರಿಟರ್ನ್‌ಗೆ ಕೇಬಲ್ ಹಾಕಿ. ಓವರ್‌ಡ್ರೈವ್ ಆಂಪಿನ ಇನ್‌ಪುಟ್ ಕಡೆಯೇ ಇರಲಿ. ಈಗ ರಿಪೀಟ್ ಆಗುವುದು ಡಿಸ್ಟಾರ್ಷನ್ ಮುಗಿಸಿ ಬಂದ ಸ್ವರ, ಅದು ಕ್ರಮವಾಗಿ ಸಣ್ಣದಾಗುತ್ತಾ ಹೋಗುತ್ತದೆ.

ಲೆವೆಲ್ ಬಗ್ಗೆ ಎಚ್ಚರ ಇರಲಿ. ಕೆಲವು ಆಂಪ್‌ಗಳ ಲೂಪ್ ಲೈನ್ ಲೆವೆಲ್‌ನಲ್ಲಿರುತ್ತದೆ (ಗಿಟಾರ್‌ಗಿಂತ ಜೋರಾದ ಸಿಗ್ನಲ್). ಗಿಟಾರ್ ಲೆವೆಲ್‌ಗೆ ಮಾಡಿದ ಪೆಡಲ್‌ಗೆ ಅದು ಅತಿಯಾಗಿ ರಿಪೀಟ್‌ಗಳು ಒಡೆದು ಕೇಳುತ್ತವೆ. ಹಿಂದೆ -10 ಮತ್ತು +4 ಅಂತ ಸ್ವಿಚ್ ಇದ್ದರೆ -10ಕ್ಕೆ ಇಡಿ. ಸ್ವಿಚ್ ಇಲ್ಲದಿದ್ದರೆ ಚಾನೆಲ್ ವಾಲ್ಯೂಮ್ ಇಳಿಸಿ ಮಾಸ್ಟರ್ ಏರಿಸಿ. ಬಹಳಷ್ಟು ಆಂಪ್‌ಗಳಲ್ಲಿ ಮಾಸ್ಟರ್ ಇರುವುದು ಲೂಪ್ ಆದಮೇಲೆ, ಆದ್ದರಿಂದ ಪೆಡಲ್‌ಗೆ ಹೋಗುವ ಸಿಗ್ನಲ್ ಮಾತ್ರ ತಗ್ಗುತ್ತದೆ.

ಮಂದ್ರಸ್ಥಾಯಿ

ಜಾಗ ಸರಿಯಾದ ಮೇಲೆ ಟೈಮ್. ಇದನ್ನ ಕಿವಿಯಲ್ಲಿ ಹುಡುಕೋಕೆ ಹೋಗ್ಬೇಡಿ, ಲೆಕ್ಕ ಹಾಕಿ. 60,000 ಭಾಗಿಸು ಬಿಪಿಎಂ ಅಂದ್ರೆ ಒಂದು ಬೀಟ್‌ನ ಮಿಲಿಸೆಕೆಂಡ್. ಡಾಟೆಡ್ ಎಯ್ತ್ ಅಂದ್ರೆ ಮುಕ್ಕಾಲು ಬೀಟ್. 120ಕ್ಕೆ ಒಂದು ಬೀಟ್ 500, ಮುಕ್ಕಾಲು 375.

72ರಲ್ಲಿ ನಿಮಗೆ ಒಂದು ತೊಡಕಿದೆ. ಪೂರ್ತಿ ಬೀಟ್ 833, ಮುಕ್ಕಾಲು ಬೀಟ್ 625. ಎರಡೂ ನಿಮ್ಮ ಪೆಡಲ್‌ನ 600 ದಾಟುತ್ತವೆ. ಉಳಿಯೋದು ಅರ್ಧ ಬೀಟ್, ಅಂದ್ರೆ 417. ಇಲ್ಲವೇ ಮೂರನೇ ಎರಡು ಬೀಟ್, 556. ಲೀಡ್‌ಗೆ ನಾನಾದರೆ 417 ಇಡ್ತೀನಿ. 556ರ ಟ್ರಿಪ್ಲೆಟ್ ನಡೆ ಹಾಡಿನ ನಡೆಗೆ ಅಡ್ಡ ಬೀಳುತ್ತೆ, ಹಾಡೇ ಟ್ರಿಪ್ಲೆಟ್ ನಡೆಯಲ್ಲಿದ್ದರೆ ಮಾತ್ರ ಸರಿ.

ಹುಬ್ಬಳ್ಳಿ_ಹಂಬಕರ್

ಲೆಕ್ಕ ಸರಿ ಅದರಿ, ಆದ್ರ ಅನಲಾಗ್ ಪೆಡಲ್‌ನ ನಾಬ್ ಮ್ಯಾಲೆ 375 ಅಂತ ಬರ್ದಿರಂಗಿಲ್ಲಲ್ಲ? ಡಿಸ್‌ಪ್ಲೇ ಇಲ್ಲ, ಟ್ಯಾಪ್ ಇಲ್ಲ. ಹೆಂಗ ಇಡೂದು?

ಮಂದ್ರಸ್ಥಾಯಿ

ಮೆಟ್ರೊನೋಮ್ ಹಿಡ್ಕೊಂಡು ಇಡಬಹುದು. ಫೋನ್ ಆಪ್ ಸಾಕು. ಮುಕ್ಕಾಲು ಬೀಟ್ ಬೇಕಾದ್ರೆ ಹಾಡಿನ ಬಿಪಿಎಂ ಅನ್ನ 4ರಿಂದ ಗುಣಿಸಿ 3ರಿಂದ ಭಾಗಿಸಿ. 120ಕ್ಕೆ 160 ಬರುತ್ತೆ. ಮೆಟ್ರೊನೋಮ್ 160ಕ್ಕೆ ಇಡಿ, ಅದರ ಕ್ಲಿಕ್ ಸರಿಯಾಗಿ 375 ಮಿಲಿಸೆಕೆಂಡ್‌ಗೊಂದು. ರಿಪೀಟ್ ನಾಬ್ 2 ಗಂಟೆವರೆಗೆ ಏರಿಸಿ, ಆರರಿಂದ ಎಂಟು ರಿಪೀಟ್ ಕೇಳಬೇಕು. ಎಡಗೈಯಲ್ಲಿ ತಂತಿಗಳನ್ನ ಮುಚ್ಚಿ ಕ್ಲಿಕ್ ಮೇಲೆ ಒಂದೇ ಒಂದು ಸಲ "ಚಕ್" ಅಂತ ಹೊಡೀರಿ. ರಿಪೀಟ್‌ಗಳು ಕ್ಲಿಕ್‌ಗಿಂತ ಮುಂದೆ ಓಡಿದ್ರೆ ಟೈಮ್ ಸ್ವಲ್ಪ ಏರಿಸಿ, ಹಿಂದೆ ಬಿದ್ರೆ ಇಳಿಸಿ. ಐದನೇ ರಿಪೀಟ್ ಕೂಡ ಕ್ಲಿಕ್ ಮೇಲೇ ಬಿದ್ರೆ ಟೈಮ್ ಕೂತಿದೆ ಅಂತ ಅರ್ಥ. ಮೊದಲನೇ ರಿಪೀಟ್ ನೋಡಿ ತೀರ್ಮಾನ ಮಾಡ್ಬೇಡಿ. 10 ಮಿಲಿಸೆಕೆಂಡ್ ತಪ್ಪು ಅಲ್ಲಿ ಗೊತ್ತೇ ಆಗಲ್ಲ, ಐದನೆಯದರಲ್ಲಿ ಅದೇ 50 ಆಗಿರುತ್ತೆ.

72ರ ಅರ್ಧ ಬೀಟ್‌ಗೆ ಮೆಟ್ರೊನೋಮ್ 144. ಎರಡೂ ಜಾಗ ಸಿಕ್ಕಮೇಲೆ ನಾಬ್ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ನಲ್ಲಿ ಗೆರೆ ಹಾಕಿ. ನಾಬ್ ತಿರುಗಿಸೋದು ಹಿಂದಿನ ರಿಪೀಟ್‌ಗಳು ಪೂರ್ತಿ ಸತ್ತ ಮೇಲೆ. ಸದ್ದು ಇರುವಾಗ ತಿರುಗಿಸಿದ್ರೆ ಶ್ರುತಿ ಜಾರುತ್ತೆ, ಕಿವಿಗೆ ಅಂದಾಜು ಸಿಗಲ್ಲ.

ಬೆಸುಗೆ_ಕಡ್ಡಿ

ಆ ಶ್ರುತಿ ಜಾರುವುದರ ಕಾರಣದಲ್ಲೇ ಅನಲಾಗ್ ಡಿಲೇಯ ಇಡೀ ಸ್ವಭಾವ ಅಡಗಿದೆ. ಒಳಗಿರುವುದು ಬಕೆಟ್ ಬ್ರಿಗೇಡ್ ಚಿಪ್. ಸಿಗ್ನಲ್‌ನ ತುಣುಕುಗಳು ಸಾವಿರಾರು ಕೆಪಾಸಿಟರ್‌ಗಳ ಸಾಲಿನಲ್ಲಿ ಒಂದರಿಂದ ಮುಂದಿನದಕ್ಕೆ ದಾಟುತ್ತವೆ, ದಾಟಿಸುವುದು ಒಂದು ಕ್ಲಾಕ್. ಟೈಮ್ ನಾಬ್ ಬದಲಿಸುವುದು ಆ ಕ್ಲಾಕ್‌ನ ವೇಗವನ್ನು. ಸಾಲಿನಲ್ಲಿ ಆಗಲೇ ಇರುವ ತುಣುಕುಗಳು ಹೊಸ ವೇಗದಲ್ಲಿ ಹೊರಬರುವುದರಿಂದ ಶ್ರುತಿ ಬದಲಾಗುತ್ತದೆ.

ಲೆಕ್ಕ ಸರಳ: ಡಿಲೇ ಸಮಯ ಎಂದರೆ ಹಂತಗಳ ಸಂಖ್ಯೆ ಭಾಗಿಸು ಕ್ಲಾಕ್‌ನ ಎರಡರಷ್ಟು. ಹಳೆಯ ಪೆಡಲ್‌ಗಳಲ್ಲಿ ಹೆಸರಾದ ಎಂಎನ್3005 ಚಿಪ್‌ನಲ್ಲಿ 4096 ಹಂತಗಳಿವೆ. ಅದರಿಂದ 300 ಮಿಲಿಸೆಕೆಂಡ್ ತೆಗೆಯಲು ಕ್ಲಾಕ್ ಸುಮಾರು 6.8 ಕಿಲೋಹರ್ಟ್ಸ್‌ಗೆ ಇಳಿಯಬೇಕು. ಆಗ ಸಿಗ್ನಲ್‌ನಲ್ಲಿ ಅದರ ಅರ್ಧಕ್ಕಿಂತ, ಅಂದರೆ 3.4 ಕಿಲೋಹರ್ಟ್ಸ್‌ಗಿಂತ ಮೇಲಿನದ್ದು ಉಳಿಯುವಂತಿಲ್ಲ. ಉಳಿದರೆ ಕಿರುಗುಟ್ಟುತ್ತದೆ, ಅದಕ್ಕೇ ಫಿಲ್ಟರ್ ಹಾಕಿ ಕತ್ತರಿಸುತ್ತಾರೆ. 600 ಬೇಕಾದರೆ ಹಂತಗಳು ಎರಡು ಪಟ್ಟು ಬೇಕು. ರಿಪೀಟ್ ಮಂಕಾಗಿ ಕೇಳುವುದಕ್ಕೆ ಕಾರಣ ಇದು. ಲೀಡ್‌ಗೆ ಈ ಮಂಕುತನವೇ ವರ, ನುಡಿಸುತ್ತಿರುವ ಸ್ವರದ ಮೊನೆಯ ಜೊತೆ ರಿಪೀಟ್ ಪೈಪೋಟಿ ಮಾಡುವುದಿಲ್ಲ.

ಅಗ್ಗದ ಎಷ್ಟೋ ಪೆಡಲ್‌ಗಳಲ್ಲಿ ಇರುವುದು ಪಿಟಿ2399. ಅದು ಡಿಜಿಟಲ್ ಚಿಪ್, ಕೇಳಲು ಮಾತ್ರ ಅನಲಾಗ್‌ಗೆ ಹತ್ತಿರ. 6ನೇ ಪಿನ್‌ನಿಂದ ಗ್ರೌಂಡ್‌ಗೆ ಇರುವ ರೆಸಿಸ್ಟರ್ ಸಮಯ ನಿರ್ಧರಿಸುತ್ತದೆ, 27.6 ಕಿಲೋಓಮ್‌ಗೆ 342 ಮಿಲಿಸೆಕೆಂಡ್. ರೆಸಿಸ್ಟರ್ ದೊಡ್ಡದು ಮಾಡಿ 600ಕ್ಕೆ ಎಳೆಯಬಹುದು, ಆದರೆ ಸಮಯ ಹೆಚ್ಚಿದಷ್ಟೂ ಗರಗರ ಹೆಚ್ಚುತ್ತದೆ. ನೀವೇ ಕಟ್ಟುವುದಾದರೆ ಆ ಪಿನ್‌ಗೆ ಪಾಟ್ ಜೊತೆ ಸರಣಿಯಲ್ಲಿ ಒಂದು 2.2 ಕಿಲೋಓಮ್ ಕಡ್ಡಾಯ ಹಾಕಿ. ಆನ್ ಮಾಡುವ ಕ್ಷಣದಲ್ಲಿ ರೆಸಿಸ್ಟೆನ್ಸ್ ತೀರಾ ಕಡಿಮೆ ಇದ್ದರೆ ಚಿಪ್ ಏಳದೆ ಸಿಕ್ಕಿಹಾಕಿಕೊಳ್ಳುತ್ತದೆ.

ಆರು_ತಂತಿ

ಲೂಪ್ ಇದೆ, ಇವತ್ತೇ ಹಾಕಿ ನೋಡ್ತೀನಿ. ಅಲ್ಲಿವರೆಗೆ ರಿಪೀಟ್ ಮತ್ತು ಮಿಕ್ಸ್ ಬಗ್ಗೆ ಹೇಳಿ. ಎರಡೂ 12 ಗಂಟೆಗೆ ಇಟ್ಟಿರೋದು ಸರೀನಾ?

ಲೂಪ್‌ರಾಯ

12 ಗಂಟೆಗೆ ಅರ್ಥವಿಲ್ಲ, ಒಂದೊಂದು ಪೆಡಲ್‌ನಲ್ಲಿ ಒಂದೊಂದು. ಡೆಸಿಬೆಲ್‌ನಲ್ಲಿ ಯೋಚಿಸಿದರೆ ಸುಲಭ. ಫೀಡ್‌ಬ್ಯಾಕ್ (ರಿಪೀಟ್ ನಾಬ್ ಬದಲಿಸುವುದು ಇದನ್ನೇ) ಶೇ 50 ಎಂದರೆ ಪ್ರತಿ ರಿಪೀಟ್ ಹಿಂದಿನದಕ್ಕಿಂತ 6 ಡೆಸಿಬೆಲ್ ಕಡಿಮೆ. 60 ಡೆಸಿಬೆಲ್ ಇಳಿದು ಪೂರ್ತಿ ಮಾಯವಾಗಲು 10 ರಿಪೀಟ್ ಬೇಕು, 417 ಮಿಲಿಸೆಕೆಂಡ್‌ನಲ್ಲಿ ಅದು ನಾಲ್ಕು ಸೆಕೆಂಡ್ ಮೇಲಾಯಿತು. ಅಷ್ಟರೊಳಗೆ ಕಾರ್ಡ್ ಬದಲಾಗಿರುತ್ತದೆ. ಶೇ 30ಕ್ಕೆ ಇಳಿಸಿದರೆ ಪ್ರತಿ ಸಲ ಹತ್ತಕ್ಕಿಂತ ತುಸು ಹೆಚ್ಚು ಇಳಿದು ಆರು ರಿಪೀಟ್‌ನಲ್ಲಿ ಮುಗಿಯುತ್ತದೆ.

ಲೀಡ್‌ಗೆ ಮೊದಲ ರಿಪೀಟ್ ಮೂಲಕ್ಕಿಂತ 12 ಡೆಸಿಬೆಲ್ ಕೆಳಗೆ, ಆಮೇಲಿನವು ಎಂಟೆಂಟು ಇಳಿಯಲಿ. ಬ್ಯಾಂಡ್ ನಡುವೆ ಎರಡು ಅಥವಾ ಮೂರು ರಿಪೀಟ್ ಮಾತ್ರ ಕೇಳಿಸುತ್ತವೆ, ಅಷ್ಟು ಸಾಕು. ಅಳೆಯಬೇಕೆಂದರೆ ಆಂಪ್ ಮುಂದೆ ಮೈಕ್ ಇಟ್ಟು ಒಂದು ಚಿಕ್ಕ ಸ್ವರ ರೆಕಾರ್ಡ್ ಮಾಡಿ ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ರಿಪೀಟ್‌ನ ಅಲೆಯ ಎತ್ತರ ಮೂಲದ ಕಾಲು ಭಾಗ ಇದ್ದರೆ ಅದೇ 12 ಡೆಸಿಬೆಲ್. ಎರಡು ಶಿಖರಗಳ ನಡುವಿನ ಅಂತರ ನೋಡಿದರೆ ಟೈಮ್ ಕೂಡ ಅಲ್ಲೇ ಸಿಗುತ್ತದೆ. ಫೋನ್‌ನಲ್ಲಿ ರೆಕಾರ್ಡ್ ಮಾಡಿದರೆ ಟೈಮ್ ನಂಬಬಹುದು, ಎತ್ತರ ನಂಬಬೇಡಿ. ಫೋನ್ ತಾನಾಗಿಯೇ ಸಣ್ಣ ಸದ್ದನ್ನು ಏರಿಸಿಬಿಡುತ್ತದೆ.

ಡಾಟೆಡ್ ಎಯ್ತ್ ರಿದಮ್‌ಗೆ ಲೆಕ್ಕವೇ ಬೇರೆ. ಅಲ್ಲಿ ರಿಪೀಟ್ ಒಂದು ವಾದ್ಯದಷ್ಟೇ ಮುಖ್ಯ, ಮೊದಲ ರಿಪೀಟ್ ಮೂಲಕ್ಕಿಂತ ಹೆಚ್ಚೆಂದರೆ 3 ಡೆಸಿಬೆಲ್ ಕೆಳಗಿರಲಿ, ಸಂಖ್ಯೆ ಎರಡು ಅಥವಾ ಮೂರು. ಮಿಕ್ಸ್ ಕಡಿಮೆಯಾದರೆ ಆ ಓಡುವ ಸದ್ದು ಹುಟ್ಟುವುದೇ ಇಲ್ಲ. ಹಾಗಾಗಿ ಎರಡು ಸದ್ದಿಗೆ ಒಂದೇ ಪೆಡಲ್‌ನ ಮೂರೂ ನಾಬ್ ಬದಲಾಗಬೇಕು. ಹಾಡುಗಳ ನಡುವೆ ಬಗ್ಗಿ ತಿರುಗಿಸಲು ಪುರುಸೊತ್ತಿದ್ದರೆ ಸರಿ, ಇಲ್ಲದಿದ್ದರೆ ಎರಡನೇ ಡಿಲೇ ಬೇಕು.

ಕಬ್ಬನ್_ಕ್ಲೀನ್

ರಿದಮ್‌ಗೆ ಡಿಜಿಟಲ್ಲೇ ತಗೊಳ್ಳಿ ಗುರು. ಅನಲಾಗ್‌ನಲ್ಲಿ ಪಿಕ್ ಬಿದ್ದ "ಟಿಕ್" ಮಸುಕಾಗುತ್ತೆ, ಆ "ಟಿಕ್" ಇಲ್ಲದೆ ಡಾಟೆಡ್ ಎಯ್ತ್ ಬರೀ ಮಬ್ಬು. ಟ್ಯಾಪ್ ಟೆಂಪೊ ಇರೋ ಯಾವ ಡಿಜಿಟಲ್ ಪೆಡಲ್ ಆದ್ರೂ ಸಾಕು. ಕಾಲಲ್ಲಿ ಬೀಟ್‌ಗೆ ನಾಲ್ಕು ಸಲ ತಟ್ಟಿ, ಸಬ್‌ಡಿವಿಷನ್ ಡಾಟೆಡ್ ಎಯ್ತ್‌ಗೆ ಇಟ್ರೆ ಮುಗೀತು. ಡ್ರಮ್ಮರ್ ಕ್ಲಿಕ್ ಇಲ್ಲದೆ ನುಡಿಸ್ತಾರೆ ಅಂದ್ಮೇಲೆ ಟ್ಯಾಪ್ ಬೇಕೇ ಬೇಕು. 120 ಇದ್ದದ್ದು 124 ಆದ್ರೆ 375 ಬದಲು 363 ಬೇಕು. 12 ಮಿಲಿಸೆಕೆಂಡ್ ವ್ಯತ್ಯಾಸ ಎರಡನೇ ರಿಪೀಟ್‌ಗೆ 24 ಆಗುತ್ತೆ, ಅಲ್ಲಿ ಸ್ನೇರ್ ಜೊತೆ ಎರಡೆರಡು ಏಟು ಬಿದ್ದಂಗೆ ಕೇಳುತ್ತೆ.

ಬೆಸುಗೆ_ಕಡ್ಡಿ

ಟ್ಯಾಪ್ ಬೇಕು ಎನ್ನುವುದನ್ನು ಒಪ್ಪುತ್ತೇನೆ. ಅನಲಾಗ್‌ನಲ್ಲಿ ಆಗುವುದೇ ಇಲ್ಲ ಎನ್ನುವುದನ್ನು ಒಪ್ಪುವುದಿಲ್ಲ. ಈ ಶೈಲಿಗೆ ಎಲ್ಲರೂ ಹೆಸರು ಹೇಳುವ ಯು2 ಬ್ಯಾಂಡ್‌ನ ದಿ ಎಡ್ಜ್ ಆರಂಭದಲ್ಲಿ ಬಳಸಿದ್ದು ಎಲೆಕ್ಟ್ರೊ-ಹಾರ್ಮೊನಿಕ್ಸ್‌ನ ಮೆಮೊರಿ ಮ್ಯಾನ್, ಅದು ಅನಲಾಗ್. ಕೋರ್ಗ್ ಎಸ್‌ಡಿಡಿ-3000 ಎಂಬ ಡಿಜಿಟಲ್ ರ‍್ಯಾಕ್ ಬಂದದ್ದು ಆಮೇಲೆ. ಬ್ರಿಜ್ ಪಿಕಪ್, ಕ್ಲೀನ್ ಅಥವಾ ಒಡೆಯುವ ಅಂಚಿನ ಆಂಪ್, ಗಟ್ಟಿ ಪಿಕ್, ಚಿಕ್ಕದಾಗಿ ಕತ್ತರಿಸಿದ ಸ್ವರಗಳು, ಇಷ್ಟಿದ್ದರೆ ಮಂಕು ರಿಪೀಟ್‌ನಲ್ಲೂ ಓಟ ಸ್ಪಷ್ಟವಾಗಿ ಕೇಳುತ್ತದೆ. ಗೇನ್ ಹೆಚ್ಚಿಸಿದರೆ ಯಾವ ಪೆಡಲ್ ತಂದರೂ ಕೇಳುವುದಿಲ್ಲ. ಹೊಸ ಪೆಡಲ್‌ಗೆ ದುಡ್ಡು ಹಾಕುವ ಮೊದಲು ಗೇನ್ ಇಳಿಸಿ ನೋಡಿ.

ಮಂದ್ರಸ್ಥಾಯಿ

ಇಬ್ಬರೂ ಪೆಡಲ್ ಬಗ್ಗೆ ಮಾತಾಡ್ತಿದ್ದೀರಿ, ನುಡಿಸೋದರ ಬಗ್ಗೆ ಒಂದು ವಿಷಯ ಉಳಿದಿದೆ. 375ರಲ್ಲಿ ಡಿಲೇ ಇಟ್ಟು ಬರೀ ಅರ್ಧರ್ಧ ಬೀಟ್‌ಗೆ ಸ್ವರ ಹಾಕ್ಬೇಕು, 0, 250, 500, 750 ಮಿಲಿಸೆಕೆಂಡ್‌ಗೆ. ಮೊದಲ ರಿಪೀಟ್‌ಗಳು 375, 625, 875ಕ್ಕೆ ಬೀಳ್ತವೆ, ಅಂದ್ರೆ ನೀವು ಬಿಟ್ಟ ಖಾಲಿ ಜಾಗಗಳಲ್ಲಿ. ಕೈ ಎಂಟು ಹೊಡೆದ್ರೆ ಕಿವಿಗೆ ಹದಿನಾರು. ಕೈಯಲ್ಲೇ ಹದಿನಾರು ಹೊಡೆದ್ರೆ ಜಾಗವೇ ಇರಲ್ಲ. ಈ ಡಿಲೇ ಕೆಟ್ಟಿದೆ ಅಂತ ಜನ ಹೇಳೋವಾಗ ಸಾಮಾನ್ಯವಾಗಿ ನಡೆದಿರೋದು ಇದೇ. ಅರ್ಧ ಬೀಟ್‌ಗಳು ಸಮಸಮವಾಗಿರಬೇಕು, ಸ್ವಿಂಗ್ ಬಂದ್ರೆ ಹೆಣಿಗೆ ಬಿಚ್ಚಿಕೊಳ್ಳುತ್ತೆ.

ಎರಡನೇ ರಿಪೀಟ್ 750ಕ್ಕೆ, ಸರಿಯಾಗಿ ನಿಮ್ಮ ಹೊಸ ಸ್ವರದ ಮೇಲೇ ಬೀಳುತ್ತೆ. ಒಂದೇ ಕಾರ್ಡ್ ಇರುವಾಗ ಇದು ತುಂಬಿದ ಸದ್ದು ಕೊಡುತ್ತೆ. ಕಾರ್ಡ್ ಬದಲಾಗೋ ಕಡೆ ಇದೇ ಕೆಡಿಸೋದು. ಡಿ ಕಾರ್ಡ್‌ನ ಕೊನೆಯ ಅರ್ಧ ಬೀಟ್‌ನಲ್ಲಿ ಎಫ್ ಶಾರ್ಪ್ ಹೊಡೆದು ಮುಂದೆ ಸಿ ಕಾರ್ಡ್‌ಗೆ ಹೋದ್ರಿ ಅಂದ್ಕೊಳ್ಳಿ. ಸಿ ಶುರುವಾಗಿ 125 ಮಿಲಿಸೆಕೆಂಡ್‌ಗೆ ಆ ಎಫ್ ಶಾರ್ಪ್ ಮತ್ತೆ ಬಂದು ಕಚ್ಚುತ್ತೆ. ಆ ಜಾಗದಲ್ಲಿ ಡಿ ಅಥವಾ ಎ ಸ್ವರ ಹಾಕಿ, ಸಿ ಕಾರ್ಡ್ ಮೇಲೂ ಅವು ಒಗ್ಗುತ್ತವೆ. ಪ್ರತಿ ಕಾರ್ಡ್ ಬದಲಾವಣೆಯ ಹಿಂದಿನ ಎರಡು ಸ್ವರ ಮಾತ್ರ ಹೀಗೆ ನೋಡ್ಕೊಂಡ್ರೆ ಸಾಕು.

ಹುಬ್ಬಳ್ಳಿ_ಹಂಬಕರ್

ಇದು ಭಾಳ ಕೆಲಸಕ್ಕ ಬರೂ ಮಾತು. ಒಂದು ಕೇಳ್ತೀನಿ, ಲೀಡ್‌ಗೂ ಟೈಮ್ ಅಷ್ಟು ಕರೆಕ್ಟ್ ಇರಬೇಕೇನ್ರಿ?

ಲೂಪ್‌ರಾಯ

ಇಲ್ಲ. 12 ಡೆಸಿಬೆಲ್ ಕೆಳಗಿರುವ ರಿಪೀಟ್‌ಗೆ 380ರಿಂದ 450ರ ನಡುವೆ ಎಲ್ಲಿಟ್ಟರೂ ನಡೆಯುತ್ತದೆ. ಟೆಂಪೊಗೆ ಸರಿಯಾಗಿ ಕೂತ ರಿಪೀಟ್ ಡ್ರಮ್ಸ್ ಏಟಿನ ಕೆಳಗೆ ಅಡಗಿ ಸಭ್ಯವಾಗಿ ಕೇಳುತ್ತದೆ, ಸ್ವಲ್ಪ ಆಚೀಚೆ ಇದ್ದದ್ದು ಎದ್ದು ಕಾಣುತ್ತದೆ. ಬ್ಯಾಂಡ್ ದಟ್ಟವಾಗಿದ್ದು ಡಿಲೇ ಕೇಳಿಸುತ್ತಲೇ ಇಲ್ಲ ಎನಿಸಿದರೆ ಮಿಕ್ಸ್ ಏರಿಸುವ ಮೊದಲು ಟೈಮ್ ಅನ್ನು ಕೊಂಚ ಆಚೆಗೆ ಸರಿಸಿ ನೋಡಿ. ವೇಗದ ಸಾಲುಗಳಲ್ಲಿ ಈ ಸಡಿಲಿಕೆ ಬೇಡ.

ಇನ್ನೊಂದು ಮಾತು, ಮನೆಯಲ್ಲಿ ಇಟ್ಟ ಮಿಕ್ಸ್ ಯಾವತ್ತೂ ಕೊನೆಯದಲ್ಲ. ರಿಹರ್ಸಲ್ ವಾಲ್ಯೂಮ್‌ನಲ್ಲಿ ಡ್ರಮ್ಸ್ ಜೊತೆ ಮತ್ತೆ ಇಡಿ. ಮಿಕ್ಸ್ ಪೂರ್ತಿ ಇಳಿಸಿ, ಸ್ಪಷ್ಟವಾಗಿ ಕೇಳುವವರೆಗೆ ಏರಿಸಿ, ಅಲ್ಲಿಂದ ಒಂದು ಕೂದಲೆಳೆ ಹಿಂದಕ್ಕೆ. ಪೆಡಲ್ ಆಫ್ ಮಾಡಿದಾಗ ಏನೋ ಕಳೆದುಹೋದಂತೆ ಅನಿಸಬೇಕು, ಆನ್ ಇದ್ದಾಗ ಅದರ ಕಡೆ ಗಮನವೇ ಹೋಗಬಾರದು. ಕಲ್ಯಾಣ ಮಂಟಪದಂಥ ಗುಂಯ್‌ಗುಡುವ ಹಾಲ್‌ಗಳಲ್ಲಿ ಮೊದಲು ರಿಪೀಟ್ ಇಳಿಸಿ, ಆಮೇಲೆ ಮಿಕ್ಸ್. ಬಾಲವನ್ನು ಆ ಹಾಲೇ ಕೊಡುತ್ತದೆ.

ಆರು_ತಂತಿ

ಲೂಪ್‌ಗೆ ಹಾಕಿದೆ. ಗೇನ್ ಚಾನೆಲ್‌ನಲ್ಲಿ ರಿಪೀಟ್‌ಗಳು ಈಗ ಬಿಡಿಬಿಡಿಯಾಗಿ ಕೇಳ್ತಿವೆ. 160 ಮೆಟ್ರೊನೋಮ್ ಕೂಡ ಕೆಲಸ ಮಾಡಿತು, ಟೈಮ್ 11 ಗಂಟೆ ಹತ್ತಿರ ಕೂತಿದೆ. ಎರಡು ಹೊಸ ತೊಂದರೆ. ಆಂಪಿನ ಹಿಂದೆ ಲೂಪ್ ಮಿಕ್ಸ್ ಅಂತ ಒಂದು ನಾಬ್ ಇದೆ, ಅದನ್ನ ಅರ್ಧಕ್ಕಿಟ್ಟರೆ ಗಿಟಾರ್ ಸದ್ದೇ ತೆಳ್ಳಗಾಗುತ್ತೆ. ಮತ್ತೆ ಪೆಡಲ್‌ಬೋರ್ಡ್‌ನಿಂದ ಸಣ್ಣಗೆ "ಕುಂಯ್" ಅನ್ನೋ ಸದ್ದು ಬರ್ತಿದೆ.

ಬೆಸುಗೆ_ಕಡ್ಡಿ

ನಿಮ್ಮದು ಪ್ಯಾರಲಲ್ ಲೂಪ್. ಮೂಲ ಸಿಗ್ನಲ್ ಆಂಪಿನೊಳಗೆ ನೇರವಾಗಿಯೂ ಹೋಗುತ್ತದೆ, ಪೆಡಲ್ ಮೂಲಕವೂ ಬರುತ್ತದೆ, ಆ ನಾಬ್ ಎರಡನ್ನೂ ಬೆರೆಸುತ್ತದೆ. ಪೆಡಲ್ ಅಥವಾ ಲೂಪ್‌ನ ಸರ್ಕ್ಯೂಟ್ ಫೇಸ್ ಅನ್ನು ತಿರುಗಿಸುವಂಥದ್ದಾದರೆ (ಅಲೆಯನ್ನು ತಲೆಕೆಳಗು ಮಾಡಿದರೆ) ಎರಡು ಮೂಲಗಳೂ ಒಂದನ್ನೊಂದು ಕಳೆಯುತ್ತವೆ, ಅದಕ್ಕೇ ತೆಳ್ಳಗಾಗುವುದು. ಲೂಪ್ ಮಿಕ್ಸ್ ಅನ್ನು ಶೇ 100ಕ್ಕೆ ಇಡಿ, ಬೆರೆಸುವ ಕೆಲಸವನ್ನು ಪೆಡಲ್‌ನ ಮಿಕ್ಸ್ ನಾಬ್‌ಗೇ ಬಿಡಿ.

ಮುಂದೆ ಡಿಜಿಟಲ್ ತಂದರೆ ಇದೇ ಲೂಪ್‌ನಲ್ಲಿ ಇನ್ನೊಂದು ರೀತಿಯ ತೊಂದರೆ ಬರಬಹುದು. ಕೆಲವು ಪೆಡಲ್‌ಗಳು ಮೂಲ ಸಿಗ್ನಲ್ ಅನ್ನೂ ಡಿಜಿಟಲ್‌ಗೆ ಬದಲಿಸಿ ಹೊರಬಿಡುತ್ತವೆ, ಅದರಲ್ಲಿ ಒಂದೆರಡು ಮಿಲಿಸೆಕೆಂಡ್ ತಡವಾಗುತ್ತದೆ. 2 ಮಿಲಿಸೆಕೆಂಡ್ ತಡವಾದ ಪ್ರತಿ ಮೂಲದ ಜೊತೆ ಸಮನಾಗಿ ಬೆರೆತರೆ 250, 750, 1250 ಹರ್ಟ್ಸ್‌ಗಳಲ್ಲಿ ಹಳ್ಳ ಬೀಳುತ್ತದೆ. ಶೇ 100ರಲ್ಲಿ ಇಡಲಾಗದ ಲೂಪ್ ಆದರೆ ಪೆಡಲ್‌ನಲ್ಲಿ ಕಿಲ್ ಡ್ರೈ (ಮೂಲ ಬಿಟ್ಟು ರಿಪೀಟ್ ಮಾತ್ರ ಹೊರಬಿಡುವ) ಸೌಲಭ್ಯ ಇದೆಯೇ ನೋಡಿಕೊಂಡು ಕೊಳ್ಳಿ.

"ಕುಂಯ್" ಸದ್ದಿಗೆ ಮೊದಲ ಅನುಮಾನ ಪವರ್ ಮೇಲೆ. ಒಂದೇ ಅಡಾಪ್ಟರ್‌ನಿಂದ ಡೈಸಿ ಚೈನ್ ಮಾಡಿದ್ದರೆ ಡಿಲೇಯ ಕ್ಲಾಕ್ ಸದ್ದು ಆ ತಂತಿಯಲ್ಲೇ ಡ್ರೈವ್ ಪೆಡಲ್‌ಗೆ ನುಗ್ಗುತ್ತದೆ, ಡ್ರೈವ್ ಅದನ್ನು ದೊಡ್ಡದು ಮಾಡುತ್ತದೆ. ಟೈಮ್ ನಾಬ್ ತಿರುಗಿಸಿದಾಗ "ಕುಂಯ್" ಶ್ರುತಿಯೂ ಬದಲಾದರೆ ಮೂಲ ಡಿಲೇಯ ಕ್ಲಾಕ್ ಎಂದು ಖಾತ್ರಿ. ಡಿಲೇಗೆ 9 ವೋಲ್ಟ್‌ನ ಬೇರೆ ಅಡಾಪ್ಟರ್, ಅಥವಾ ಐಸೊಲೇಟೆಡ್ ಔಟ್‌ಪುಟ್‌ಗಳ ಪವರ್ ಸಪ್ಲೈ ಹಾಕಿ. ಪೆಡಲ್ ಕೇಳುವ ಮಿಲಿಆಂಪ್‌ಗಿಂತ ಸಪ್ಲೈಯದ್ದು ಹೆಚ್ಚಿರಬೇಕು. ಸೆಂಟರ್ ನೆಗೆಟಿವ್ ಹೌದೋ ಅಲ್ಲವೋ ಪೆಡಲ್ ಮೇಲಿನ ಚಿಹ್ನೆ ನೋಡಿಯೇ ಚುಚ್ಚಿ.

ಹುಬ್ಬಳ್ಳಿ_ಹಂಬಕರ್

ಇದಕ್ಕ ಒಂದು ಸೇರಸ್ರಿ: ಲೂಪಿಗೆ ಹೋಗೂ ಎರಡು ಉದ್ದನೆ ಕೇಬಲ್ ಆಂಪಿನ ಪವರ್ ಕಾರ್ಡ್ ಗುಂಟ ಹಾಸಬ್ಯಾಡ್ರಿ, 50 ಹರ್ಟ್ಸ್ ಹಮ್ ಹಿಡೀತಾವು. ದಾಟ್ಲೇಬೇಕಾದ್ರ ಅಡ್ಡ ದಾಟಸ್ರಿ.

ಆರು_ತಂತಿ

ಬೇರೆ ಅಡಾಪ್ಟರ್ ಹಾಕಿದ ಮೇಲೆ "ಕುಂಯ್" ಹೋಯ್ತು, ಲೂಪ್ ಮಿಕ್ಸ್ 100ಕ್ಕೆ ಇಟ್ಟೆ, ಸದ್ದು ತುಂಬಿ ಬರ್ತಿದೆ. ಕೊನೆಯದೊಂದು: ಸೋಲೋ ಮುಗಿದು ಪೆಡಲ್ ಆಫ್ ಮಾಡಿದ್ರೆ ರಿಪೀಟ್ ಬಾಲ ಕತ್ತರಿಸಿದ ಹಾಗೆ ನಿಲ್ಲುತ್ತೆ. ಇದು ಪೆಡಲ್ ತೊಂದರೆನಾ?

ಕಬ್ಬನ್_ಕ್ಲೀನ್

ತೊಂದರೆ ಅಲ್ಲ, ಟ್ರೂ ಬೈಪಾಸ್ ಅಂದ್ರೆ ಹಾಗೇ. ಸ್ವಿಚ್ ಒತ್ತಿದ ತಕ್ಷಣ ಸರ್ಕ್ಯೂಟ್ ಪೂರ್ತಿ ದಾರಿಯಿಂದ ಹೊರಗೆ, ಬಾಲಕ್ಕೆ ಬರೋಕೆ ದಾರಿ ಇರಲ್ಲ. ಬಾಲ ಬೇಕು ಅಂದ್ರೆ ಟ್ರೇಲ್ಸ್ ಇರೋ ಬಫರ್ಡ್ ಬೈಪಾಸ್ ಪೆಡಲ್ ಬೇಕು. ಈಗಿರೋದ್ರಲ್ಲೇ ಮಾಡೋದಾದ್ರೆ ಕೊನೆಯ ಸ್ವರ ಬಿಟ್ಟ ಮೇಲೆ ಎರಡು ಬೀಟ್ ಕಾಯಿರಿ, 72 ಬಿಪಿಎಂಗೆ ಅದು 1.7 ಸೆಕೆಂಡ್, ನಾಲ್ಕು ರಿಪೀಟ್ ಮುಗಿದಿರುತ್ತೆ. ಆಮೇಲೆ ಸ್ನೇರ್ ಏಟಿನ ಮೇಲೆ ಸ್ವಿಚ್ ಒತ್ತಿ, ಕ್ಲಿಕ್ ಸದ್ದೂ ಅದರಲ್ಲಿ ಮುಚ್ಚಿಹೋಗುತ್ತೆ. ಆ ಎರಡು ಬೀಟ್‌ನಲ್ಲಿ ರಿದಮ್ ಶುರು ಮಾಡ್ಬೇಕಿದ್ರೆ ಕೈಯಿಂದ ತಂತಿ ಮುಚ್ಚಿದ ಚಿಕ್ಕ ಸ್ವರಗಳನ್ನೇ ನುಡಿಸಿ, ಉದ್ದ ಕಾರ್ಡ್ ಬೇಡ.